ಮಂದ್ರದ ಪೆಟ್ಟಿಗೆ

ನಮ್ಮೂರಿನಲ್ಲಿ ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ನೆಲ ಕೈಬಿಡುತ್ತದೆ, ನಾಲ್ಕೂಕಾಲಿಗೆ ಮತ್ತೆ ಹಿಡಿದುಕೊಳ್ಳುತ್ತದೆ. ಫಕೀರಪ್ಪ ಮಾಸ್ತರರು ಬದುಕಿರುವವರೆಗೆ ಇದು ನನಗೆ ಕೇಳಿ ಗೊತ್ತಿದ್ದ ಸಂಗತಿ ಮಾತ್ರವಾಗಿತ್ತು. ಆ ಹದಿನೈದು ನಿಮಿಷ ಅವರು ಪುರಸಭೆಯ ಗೋಪುರದ ಕೋಣೆಯಲ್ಲಿ ಕೂತು ಮಂದ್ರದ ಪೆಟ್ಟಿಗೆ ನುಡಿಸುತ್ತಿದ್ದರು. ಓಣಿ ಓಣಿಯ ಕಂಬಗಳಿಗೆ ಕಟ್ಟಿದ ಸ್ಪೀಕರುಗಳಿಂದ ಆ ತಗ್ಗಿದ ಸದ್ದು ಇಳಿದು ಬರುತ್ತಿತ್ತು. ಆ ಸದ್ದಿಗೆ ನೆಲ ಹಿಡಿತ ಬಿಡುತ್ತಿರಲಿಲ್ಲ, ಬಟ್ಟಲಿನ ಚಹಾ ಒಂದಿಷ್ಟು ನಡುಗುತ್ತಿತ್ತು, ಅಷ್ಟೆ. ಅವರು ತೀರಿಕೊಂಡ ಮೂರನೆಯ ದಿನ ಬಜಾರಿನಲ್ಲಿ ಕೊತ್ತಂಬರಿ ಕಟ್ಟುಗಳು ಮೊಣಕಾಲೆತ್ತರಕ್ಕೆ ಎದ್ದು ನಿಂತವು. ಐದನೆಯ ದಿನ ಬಯಲಲ್ಲಿ ಮೇಯುತ್ತಿದ್ದ ಒಂದು ಆಡು ಮೇಲೆ ಹೋದದ್ದು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಏಳನೆಯ ದಿನ ದರ್ಜಿ ಶಂಕ್ರೆಪ್ಪ ತನ್ನ ಅಂಗಡಿಯ ಜಂತಿಗೆ ಅಂಟಿಕೊಂಡಿದ್ದು, ನಾಲ್ಕೂಕಾಲಿಗೆ ನೆಲ ಒಮ್ಮೆಲೇ ಹಿಡಿದಾಗ ಹೊಲಿಗೆ ಯಂತ್ರದ ಮೇಲೆ ಬಿದ್ದು ಸೊಂಟ ಮುರಿದುಕೊಂಡ. ಕೆಳಗೆ ಗಾದಿ ಹಾಸಿದ್ದರೆ ಉಳಿಯುತ್ತಿದ್ದನಲ್ಲ ಎಂದು ಹೊರಗಿನವರು ಕೇಳುತ್ತಾರೆ. ಗಾದಿಯೂ ಮೇಲೇರುತ್ತದೆ. ಅವನಿಗಿಂತ ಮೊದಲೇ ಏರಿತ್ತು.

ಜನ ಹೊಂದಿಕೊಂಡರು. ಹೆಂಗಸರು ಸೆರಗಿನ ತುದಿಗೆ ಕಲ್ಲು ಕಟ್ಟಿಕೊಂಡರು. ಹೋಟೆಲಿನವರು ಮೂರೂಮುಕ್ಕಾಲಿಗೆ ಒಲೆ ಆರಿಸಿ ಎಣ್ಣೆಯ ಬಾಣಲೆಗೆ ಮುಚ್ಚಳ ಬಿಗಿದರು. ಶಾಲೆಯಲ್ಲಿ ಮಕ್ಕಳನ್ನು ಬೆಂಚಿನ ಮೇಲಲ್ಲ, ಬೆಂಚಿನ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದರು. ಭಾರ ಇದ್ದವರು ಕಡಿಮೆ ಏರುತ್ತಾರೆ, ಹಗುರ ಇದ್ದವರು ಹೆಚ್ಚು ಏರುತ್ತಾರೆ ಎಂಬುದು ಎರಡೇ ದಿನಕ್ಕೆ ಎಲ್ಲರಿಗೂ ಗೊತ್ತಾಯಿತು. ನಮ್ಮ ಮನೆಯಲ್ಲಿ ಕಸ್ತೂರಿ ಅಕ್ಕ ಮೂವತ್ತೊಂದು ಕಿಲೋ ಇದ್ದಳು.

ಆಕೆಗೆ ತಿಂಗಳ ಹಿಂದೆ ಕರುಳಿನ ಆಪರೇಶನ್ ಆಗಿತ್ತು. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿತ್ತು, ಸೊಂಟಕ್ಕೆ ಹಗ್ಗ ಬಿಗಿಯುವಂತಿರಲಿಲ್ಲ. ಊರು ಬಿಡಿಸಿ ಕರೆದೊಯ್ಯೋಣವೆಂದರೆ ಜೀಪಿನ ಕುಲುಕಾಟಕ್ಕೆ ಹೊಲಿಗೆ ಬಿಚ್ಚುತ್ತದೆ ಎಂದು ಡಾಕ್ಟರು ಬೇಡವೆಂದಿದ್ದರು. ಹಾಗಾಗಿ ಹಳೆಯ ನೂಲಿನ ಸೀರೆ ಹರಿದು ಕೈಕಾಲುಗಳನ್ನು ಮಂಚಕ್ಕೂ, ಮಂಚವನ್ನು ನೆಲದ ಕಬ್ಬಿಣದ ಬಳೆಗೂ ಕಟ್ಟಿದ್ದೆ. ಅದು ಸಾಲದೆಂದು ಪಕ್ಕದ ಮನೆಯ ಹಲೀಮಾ ಖಾಲಾ ದಿನಾ ಮೂರೂಮುಕ್ಕಾಲಿಗೆ ಬಂದು ಆಕೆಯ ಕಾಲುಗಳ ಮೇಲೆ ಅಡ್ಡ ಮಲಗುತ್ತಿದ್ದಳು.

"ಖಾಲಾ, ನೀವು ಹಿಂಗ ಮಲಗಿದ್ರ ನಾ ಉಳೀತೀನಿ. ನನ್ನ ಕಾಲು ಉಳಿಯಂಗಿಲ್ಲ."

"ತೊಂಬತ್ತೆರಡು ಕಿಲೋ ಅದೀನವ್ವಾ. ಇಷ್ಟ ದಿನ ಓಣಿ ಮಂದಿ ನಗ್ತಿದ್ರು. ಈಗ ನೋಡು, ನಮ್ಮನೀಗೆ ಬರ್ರಿ ನಮ್ಮನೀಗೆ ಬರ್ರಿ ಅಂತ ಕೈ ಹಿಡಿದು ಎಳೀತಾರ."

ಅಕ್ಕ ನಗುತ್ತಿದ್ದಳು, ನಕ್ಕರೆ ಹೊಲಿಗೆ ಎಳೆಯುತ್ತದೆಂದು ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಅಂಥ ಹೊತ್ತಿನಲ್ಲೂ ಆಕೆಯ ಎದೆಯ ಮೇಲೆ ಎಂಟನೇ ಇಯತ್ತೆಯ ಹುಡುಗಿಯರ ಕನ್ನಡ ನೋಟುಬುಕ್ಕುಗಳಿರುತ್ತಿದ್ದವು. ರಜೆಯಲ್ಲಿದ್ದರೂ ಶಾಲೆಯಿಂದ ತರಿಸಿಕೊಂಡು ತಿದ್ದುತ್ತಿದ್ದಳು. "ಇವರ ತಪ್ಪು ಓದಿದ್ರ ನನಗ ಹಸಿವು ಆಗತೈತಿ" ಎನ್ನುತ್ತಿದ್ದಳು. ಹಸಿವಂತೂ ಆಗುತ್ತಿರಲಿಲ್ಲ.

ಪೆಟ್ಟಿಗೆ ನಾಟಕ ಕಂಪನಿಯದು. ಬೆಳ್ಳಿ ಬಣ್ಣದ್ದು, ಊಟದ ಡಬ್ಬಿಗಿಂತ ತುಸು ದೊಡ್ಡದು, ಮೇಲೆ ಆರು ತಿರುಗುಗುಂಡಿ, ಕೆಳಗೆ ಹಾರ್ಮೋನಿಯಮ್ಮಿನ ಮನೆಗಳಂತೆ ಜೋಡಿಸಿದ ಒತ್ತುಗುಂಡಿಗಳು. ಖಳನಾಯಕನ ಪ್ರವೇಶಕ್ಕೆಂದು ಯಾರೋ ದೂರದಿಂದ ತರಿಸಿದ್ದರಂತೆ. ಕಂಪನಿ ಮುಚ್ಚಿದ ಮೇಲೆ ಅದು ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ ಫಕೀರಪ್ಪನವರ ಪಾಲಿಗೆ ಉಳಿಯಿತು. ಹದಿನಾರು ಸ್ವರಗಳ ಒಂದು ಸಾಲನ್ನು ಅದಕ್ಕೆ ಹೇಳಿಕೊಟ್ಟರೆ ಅದೇ ಸಾಲನ್ನು ನಿಲ್ಲಿಸುವವರೆಗೆ ತಿರುತಿರುಗಿ ನುಡಿಯುತ್ತದೆ. ಆದರೆ ನೆಲ ನಿನ್ನೆಯ ಸಾಲಿಗೆ ಕಿವಿಗೊಡುವುದಿಲ್ಲ, ಮುದ್ರಿಸಿ ಇಟ್ಟ ಸದ್ದಿಗೂ ಕಿವಿಗೊಡುವುದಿಲ್ಲ. ಅದಕ್ಕೇ ಮಾಸ್ತರರು ದಿನಕ್ಕೊಂದು ಹೊಸ ಸಾಲು ಕಟ್ಟುತ್ತಿದ್ದರು. ಮುಂದಿನ ವರ್ಷದವರೆಗಿನದನ್ನು ಒಂದು ಉದ್ದ ಪುಸ್ತಕದಲ್ಲಿ ಸ ಗ ಪ ನಿ ಎಂದು ಬರೆದೂ ಇಟ್ಟಿದ್ದರು.

ಪೆಟ್ಟಿಗೆಗೆ ವಯಸ್ಸಾಗಿದೆ, ಇದರ ಸದ್ದನ್ನು ಕಂಪ್ಯೂಟರಿನಲ್ಲಿ ಮಾಡು ಎಂದು ಅವರೇ ನನಗೆ ಹೇಳಿದ್ದು. ನಾನು ಬಸ್ ನಿಲ್ದಾಣದ ಹಿಂದೆ ರೇಡಿಯೊ, ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವವಳು. ಹದಿನೈದು ದಿನದ ಕೆಲಸ ಅಂದುಕೊಂಡೆ, ಏಳು ತಿಂಗಳು ಹಿಡಿಯಿತು. ಅದರ ಸದ್ದಿನ ಮೂಲ ಅಲೆ ಗರಗಸದ ಹಲ್ಲಿನ ಆಕಾರದ್ದು. ಅದನ್ನು ಬರೆಯಲು ಒಂದು ಸಂಜೆ ಸಾಕಾಯಿತು. ಆ ಹಲ್ಲಿನ ಚೂಪನ್ನು ಸೋಸುವ ಫಿಲ್ಟರು ಮಾತ್ರ ಕೈಗೆ ಸಿಗಲಿಲ್ಲ. ಮಾಸ್ತರರು ಮೂರನೆಯ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಸದ್ದು ಸಿಳ್ಳೆ ಹಾಕುವ ಅಂಚಿಗೆ ಹೋಗಿ ಅಲ್ಲೇ ತಡೆದುಕೊಳ್ಳುತ್ತಿತ್ತು. ನನ್ನದು ಸಿಳ್ಳೆ ಹಾಕಿಯೇ ಬಿಡುತ್ತಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ದಾರಿ ಹತ್ತಿರದ್ದಾಗಲಿ ದೂರದ್ದಾಗಲಿ ಅದು ತೆಗೆದುಕೊಳ್ಳುವ ಹೊತ್ತು ಒಂದೇ ಎಂಬುದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು.

ಎಲ್ಲಕ್ಕಿಂತ ಕಾಡಿದ್ದು ಒತ್ತು. ಪೆಟ್ಟಿಗೆಯಲ್ಲಿ ಬೇಕಾದ ಸ್ವರಕ್ಕೆ ಒತ್ತು ಕೊಡಬಹುದು, ಆಗ ಅದು ಗುದ್ದಿದಂತೆ ಬರುತ್ತದೆ. ನಾನೂ ಆ ಸ್ವರವನ್ನು ಜೋರು ಮಾಡಿದೆ. ಮಾಸ್ತರರು ಕಿವಿಗೆ ಹತ್ತಿ ತುರುಕಿಕೊಂಡು, ಬರಿಯ ಹಿಮ್ಮಡಿಗಳನ್ನು ನೆಲಕ್ಕೆ ಊರಿ ಕೇಳಿದರು. ಅವರು ಕೇಳುತ್ತಿದ್ದದ್ದೇ ಹಾಗೆ.

"ಇದು ಈಗ ಹುಟ್ಟಿದ ಕೂಸು ಐತಿ" ಎಂದರು. "ಇದಕ್ಕ ನಿನ್ನೆ ಅನ್ನೂದು ಗೊತ್ತಿಲ್ಲ."

ಪೆಟ್ಟಿಗೆ ಬಿಚ್ಚಿ ನೋಡಿದಾಗ ಅವರ ಮಾತು ಅರ್ಥವಾಯಿತು. ಒತ್ತು ಕೊಟ್ಟಾಗ ಒಳಗಿನ ಒಂದು ಚಿಕ್ಕ ಕೆಪ್ಯಾಸಿಟರ್ ಕರೆಂಟು ತುಂಬಿಕೊಳ್ಳುತ್ತದೆ. ಅದು ಪೂರ್ತಿ ಬರಿದಾಗುವ ಮೊದಲೇ ಮುಂದಿನ ಒತ್ತು ಬಂದರೆ ಎರಡನೆಯ ಗುದ್ದು ಮೊದಲಿನದಕ್ಕಿಂತ ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಈ ನೆನಪನ್ನು ನನ್ನ ಪ್ರೋಗ್ರಾಮಿನೊಳಗೆ ಬರೆದ ದಿನ ಮಾಸ್ತರರು ಬಹಳ ಹೊತ್ತು ಹಿಮ್ಮಡಿ ಎತ್ತಲಿಲ್ಲ. "ಸದ್ದು ಸರಿ ಆತು ನಿಂಬೆವ್ವಾ. ಇನ್ನ ಪುಸ್ತಕ ಓದೂದು ಕಲಿಸ್ತೀನಿ, ಸೋಮವಾರ ಬಾ." ಪುಸ್ತಕದಲ್ಲಿ ಕಲಿಯುವುದೇನಿದೆ, ಅಕ್ಷರ ಓದಲು ನನಗೆ ಬರುವುದಿಲ್ಲವೆ ಎಂದುಕೊಂಡು ಬಂದೆ. ಅವರು ರವಿವಾರ ಊಟಕ್ಕೆ ಕೂತಲ್ಲೇ ಹೋಗಿಬಿಟ್ಟರು.

ಆಮೇಲೆ ಪುಸ್ತಕ ನೋಡಿ ಪೆಟ್ಟಿಗೆಗೆ ಸಾಲು ಹಾಕುತ್ತಿದ್ದವಳು ನಾನೇ. ಅವರು ಒತ್ತನ್ನು ಒತ್ತಕ್ಷರದಿಂದ ತೋರಿಸಿದ್ದರು. ಸುಮ್ಮನೆ ಪ ಇದ್ದರೆ ಸಾದಾ ಸ್ವರ, ಪ್ಪ ಇದ್ದರೆ ಒತ್ತು. ಇದಕ್ಕಿಂತ ಸರಳ ಬರವಣಿಗೆ ಇರಲಾರದು ಅನಿಸಿತ್ತು. ಆದರೂ ದಿನದಿಂದ ದಿನಕ್ಕೆ ನೆಲದ ಹಿಡಿತ ಸಡಿಲವಾಯಿತು. ಪೆಟ್ಟಿಗೆ ಸಾಯುತ್ತಿದೆ ಎಂದು ಊರೆಲ್ಲ ಹೇಳಿತು, ನಾನೂ ಹೇಳಿದೆ. ಒಂಬತ್ತನೆಯ ದಿನ ಅದು ನಿಜವಾಗಿಯೂ ಸತ್ತಿತು. ಹತ್ತನೆಯ ದಿನ ಕಂಪ್ಯೂಟರಿನಿಂದ ನುಡಿಸಿದೆ. ಹಿಡಿತ ಬಿಗಿಯಾಗುವ ಬದಲು ಇನ್ನಷ್ಟು ಸಡಿಲವಾಯಿತು. ಅಕ್ಕನ ಎಡಗೈಯ ಪಟ್ಟಿ ಹರಿಯಿತು.

"ಏನವ್ವಾ, ಮಷೀನಿನ ರೋಗ ಕಂಪ್ಯೂಟರಿಗೂ ಹತ್ತೇತೇನು?" ಎಂದು ಪುರಸಭೆಯ ಕೊಣ್ಣೂರ ಸಾಹೇಬರು ಕೇಳಿದರು. ನನಗೂ ಅದೇ ಭಯವಿತ್ತು. ಸಾಯುತ್ತಿದ್ದ ಪೆಟ್ಟಿಗೆಯ ಸದ್ದನ್ನು ನೋಡಿಕೊಂಡು ಬರೆದವಳು ನಾನು. ಅದರ ಕಾಯಿಲೆಯನ್ನೂ ಅಳೆದು ಬರೆದಿದ್ದೇನೆ ಅನಿಸಿತು. ಹನ್ನೊಂದನೆಯ ದಿನ ಬೆಳಗಿನಿಂದ ಮೂರೂವರೆಯವರೆಗೆ ಫಿಲ್ಟರನ್ನು ಕೆಡವಿ ಕಟ್ಟಿದೆ, ಕೆಡವಿ ಕಟ್ಟಿದೆ. ಸರಿಯಿದ್ದದ್ದನ್ನೇ ತಿದ್ದುತ್ತಿದ್ದೆ ಎಂಬುದು ಆಗ ತಿಳಿದಿರಲಿಲ್ಲ. ಹೊರಡುವಾಗ ಅಕ್ಕನ ಕೈಗೆ ಹೊಸ ಪಟ್ಟಿ ಕಟ್ಟಿದೆ, ಫೋನನ್ನು ಅಂಗೈಯಲ್ಲಿಟ್ಟೆ.

"ಬಿಗಿ ಆತೇನು?"

"ಆತು. ಹೋಗು. ಮುಖ ಹಂಗ್ಯಾಕ ಮಾಡ್ತಿ, ನಾ ಇಲ್ಲೇ ಇರ್ತೀನಿ" ಎಂದಳು. ಆಮೇಲೆ ತಾನೇ ಹೇಳಿದ ಮಾತಿಗೆ ಮುಖ ಸೊಟ್ಟ ಮಾಡಿದಳು.

ಗೋಪುರದ ಕೋಣೆಯಲ್ಲಿ ಕಂಪ್ಯೂಟರನ್ನು ಮೇಜಿಗೆ ಬಿಗಿದಿದ್ದರು, ನನ್ನನ್ನು ಕುರ್ಚಿಗೆ, ಕುರ್ಚಿಯನ್ನು ನೆಲಕ್ಕೆ. ಕೊಣ್ಣೂರ ಸಾಹೇಬರು ಕಿಟಕಿಯ ಸರಳು ಹಿಡಿದು ನಿಂತರು. ನಾಲ್ಕು ಹೊಡೆಯಿತು. ಆ ದಿನದ ಸಾಲನ್ನು ಬಿಟ್ಟೆ. ಸದ್ದು ಕಂಬಗಳಿಂದ ಇಳಿದದ್ದು ಕೇಳಿಸಿತು, ಆದರೆ ನನ್ನ ಪಾದಗಳು ನೆಲ ಬಿಟ್ಟವು, ಸೊಂಟದ ಹಗ್ಗ ಬಿಗಿಯಿತು. ಮೂಲೆಯ ಪಾರಿವಾಳದ ಗೂಡಿನಿಂದ ಪುಕ್ಕಗಳು ಒಂದೊಂದಾಗಿ ಎದ್ದು ಚಾವಣಿಗೆ ಅಂಟಿಕೊಂಡವು. ಸಾಹೇಬರ ಎರಡೂ ಕಾಲು ಗಾಳಿಗೆ ಬಂದವು. ಕೆಳಗಿನ ಬೀದಿಯಿಂದ ಹೆಂಗಸೊಬ್ಬಳು ಕೂಗಿಕೊಂಡಳು.

ನಾಲ್ಕೂ ಮೂರು ನಿಮಿಷಕ್ಕೆ ಫೋನು ಬಂತು.

"ನಿಂಬಿ" ಎಂದಳು ಅಕ್ಕ. ಧ್ವನಿ ತೀರಾ ಸಣ್ಣದಾಗಿತ್ತು. "ಹೆದರಬ್ಯಾಡ. ಪಟ್ಟಿ ಎಲ್ಲಾ ಹರದಾವು. ನಾ ಮ್ಯಾಲ ಬಂದೇನಿ."

"ಖಾಲಾ ಎಲ್ಲಿ?"

"ಅರ್ಧದಾಗ ಅದಾರ. ನನ್ನ ಹಿಡೀಲಿಕ್ಕ ಬಂದ್ರು, ತೊಲೀಗೆ ಅವರ ಸೆರಗು ಸಿಕ್ಕೇತಿ. ಜೋತಾಡಾಕತ್ತಾರ." ಹಿಂದಿನಿಂದ ಖಾಲಾ ದೇವರನ್ನು ಕೂಗುವುದು ಕೇಳಿಸಿತು.

ನಮ್ಮ ಮನೆಯ ಚಾವಣಿ ನೆಲದಿಂದ ಹನ್ನೊಂದು ಅಡಿ. ಕೆಳಗೆ ಕಲ್ಲುಹಾಸು. ಹನ್ನೆರಡು ನಿಮಿಷಕ್ಕೆ ನೆಲ ಒಮ್ಮೆಲೇ ಹಿಡಿಯುತ್ತದೆ. ನಾನು ಫಿಲ್ಟರನ್ನು ತೆರೆದೆ, ಮುಚ್ಚಿದೆ, ಸದ್ದನ್ನು ತಗ್ಗಿಸಿದೆ, ಏರಿಸಿದೆ. ಪುಕ್ಕಗಳು ಚಾವಣಿ ಬಿಡಲಿಲ್ಲ.

"ಏನೇನೋ ಮಾಡಾಕತ್ತಿ ಅಲ್ಲಿ" ಎಂದಳು ಅಕ್ಕ. "ನನ್ನ ಬೆನ್ನು ಹಲಗೀಗೆ ಹತ್ತೇತಿ, ಹಲಗಿ ನಡಗತೈತಿ, ಎಲ್ಲಾ ಗೊತ್ತಾಗತೈತಿ. ಇವತ್ತಿನ ಸಾಲು ಓದು."

"ಅಕ್ಕಾ, ಈಗ ಬ್ಯಾಡ."

"ಓದು ಅಂದ್ರ ಓದು. ನನಗ ಇಲ್ಲಿ ಬ್ಯಾರೆ ಏನ್ ಕೆಲಸ ಐತಿ?"

ನಾನು ಓದಿದೆ. "ಸ್ಸ ಗ ಸ ಪ್ಪ, ನಿ ಗ್ಗ ಸ ಸ—"

"ತಡಿ. ಸ್ಸ ಅಂತ ಸುರುವಾಗತೈತೇನು?"

"ಹೂಂ."

"ಎಲ್ಲೆಲ್ಲಿ ಗುದ್ದಾಕತ್ತಿ?"

"ಒತ್ತು ಎಲ್ಲೈತೋ ಅಲ್ಲಿ. ಸ್ಸ, ಪ್ಪ, ಗ್ಗ."

ಆಕೆ ಸ್ಸ, ಪ್ಪ, ಗ್ಗ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಗಡಿಯಾರ ನೋಡಿದೆ. ನಾಲ್ಕೂ ಆರು.

"ನಿಂಬಿ, ಅಪ್ಪ ಅನ್ನು."

"ಏನು?"

"ಅಪ್ಪ ಅನ್ನು, ಒಮ್ಮೆ. ಬಾಯಿ ಬಿಟ್ಟು ಅನ್ನು."

"ಅಪ್ಪ."

"ಭಾರ ಎಲ್ಲಿ ಬಿತ್ತು?"

ನಾನು ಮತ್ತೊಮ್ಮೆ ಅಂದೆ. ಒತ್ತು ಇದ್ದದ್ದು 'ಪ' ಅಕ್ಷರಕ್ಕೆ. ದನಿ ತಡೆದು ಊರಿ ನಿಂತದ್ದು ಅದರ ಹಿಂದಿನ 'ಅ' ಅಕ್ಷರದ ಮೇಲೆ.

"ಎಂಟನೇ ಇಯತ್ತೆ ಹುಡಿಗ್ಯಾರಿಗೆ ಗೊತ್ತಿರೂದು ನಿನಗ ಗೊತ್ತಿಲ್ಲ" ಎಂದಳು ಅಕ್ಕ. ಆಕೆಗೆ ಉಸಿರು ಸಾಲುತ್ತಿರಲಿಲ್ಲ. "ಒತ್ತಕ್ಷರದ ಹಿಂದಿನ ಅಕ್ಷರ ಗುರು. ಒತ್ತು ಇರೋ ಅಕ್ಷರ ಲಘೂನ ಐತಿ. ನೀ ಲಘುಕ್ಕ ಗುದ್ದಿ, ಗುರುನ್ನ ಹಗುರ ಬಿಟ್ಟೀದಿ. ಹತ್ತು ದಿನದಿಂದ ಊರಿಗೆಲ್ಲಾ ತಪ್ಪು ಓದಿ ತೋರಿಸಾಕತ್ತಿ."

"ಮೊದಲನೇ ಅಕ್ಷರಕ್ಕ ಒತ್ತು ಐತಲ್ಲ ಅಕ್ಕಾ. ಅದರ ಹಿಂದ ಏನೂ ಇಲ್ಲ."

"ಸ್ಸ ಅಂತ ಸುರುವಾಗೋ ಮಾತು ಕನ್ನಡದಾಗ ಒಂದು ಹೇಳು. ಇಲ್ಲ. ಸಾಲು ತಿರುಗಿ ಬರತೈತಲ್ಲ, ಕಡೀ ಅಕ್ಷರಕ್ಕ ಅದು ಸೇರತೈತಿ. ಅಲ್ಲಿಗೆ ಕೊಡು."

ಎಲ್ಲ ಒತ್ತುಗಳನ್ನೂ ಒಂದೊಂದು ಮನೆ ಹಿಂದಕ್ಕೆ ಸರಿಸುವುದು ಅರ್ಧ ನಿಮಿಷದ ಕೆಲಸ. ಅವಸರಕ್ಕೆ ಎರಡು ಸಲ ತಪ್ಪಿದೆ. ಹೊಸ ಸಾಲು ಮೊದಲ ಸುತ್ತು ಮುಗಿಸುವಷ್ಟರಲ್ಲಿ ನನ್ನ ಕುರ್ಚಿ ಟಕ್ಕೆಂದು ನೆಲಕ್ಕೆ ಕೂತಿತು. ಕೊಣ್ಣೂರ ಸಾಹೇಬರು ಸರಳಿನಿಂದ ಜಾರಿ ಮೊಣಕಾಲ ಮೇಲೆ ಬಿದ್ದರು. ಫೋನಿನಲ್ಲಿ ಅಕ್ಕ ಚೀರಿದಳು. ನಾನು ಒತ್ತಿನ ಪ್ರಮಾಣವನ್ನು ಒಮ್ಮೆಲೇ ಶೂನ್ಯಕ್ಕೆ ಎಳೆದೆ.

"ಬಿದ್ಯೇನು?"

"ಇಲ್ಲ. ಒಂದು ಮೊಳ ಬಂದೆ, ಮತ್ತ ಹೋದೆ. ಹಂಗ ಮಾಡಬ್ಯಾಡ, ಮೆಲ್ಲಕ. ಹೊಲಿಗಿ..."

ಆಗ ನನಗೆ ಹೊಳೆದದ್ದು ಒತ್ತಿನ ಆ ನೆನಪು. ಸಾಲಿನಲ್ಲಿ ಕಡೆಯ ಅಕ್ಷರಕ್ಕೆ ಒತ್ತು, ಎರಡು ಬಿಟ್ಟು ಇನ್ನೊಂದು, ಒಂದು ಬಿಟ್ಟು ಮತ್ತೊಂದು. ಒಂದರ ಮೇಲೊಂದು ಕೂಡಿ ಮೂರನೆಯ ಗುದ್ದಿಗೆ ನೆಲ ಪೂರ್ತಿ ಹಿಡಿಯುತ್ತದೆ. ಅದು ಮೇಲಿದ್ದವರನ್ನು ಇಳಿಸುವುದಿಲ್ಲ, ಎತ್ತಿ ಒಗೆಯುತ್ತದೆ. ಮಾಸ್ತರರು ನಾಲ್ಕಕ್ಕೆ ಮುಂಚೆಯೇ ಶುರುಮಾಡುತ್ತಿದ್ದರು, ಅವರ ಕಾಲದಲ್ಲಿ ಯಾರೂ ಮೇಲೆ ಹೋದದ್ದೇ ಇಲ್ಲ. ಹೋದವರನ್ನು ಇಳಿಸುವುದು ಹೇಗೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ನಾನು ಒತ್ತನ್ನು ನೂರರಲ್ಲಿ ಎರಡಕ್ಕೆ ತಂದೆ. ಒಂದು ಸುತ್ತು ಕಾದು ಮೂರಕ್ಕೆ.

"ಬರಾಕತ್ತೀನಿ" ಎಂದಳು ಅಕ್ಕ. "ತೊಲಿ ಬಿಟ್ಟೆ. ಫ್ಯಾನಿನ ಸಮ—" ಆಮೇಲೆ ಕಲ್ಲಿಗೆ ಏನೋ ಬಡಿದ ಸದ್ದು ಬಂತು, ಫೋನು ಸತ್ತಿತು.

ಆಕೆಯ ಕೈಯಿಂದ ಫೋನು ಜಾರಿರಬೇಕು. ಅಥವಾ ಆಕೆಯೇ ಬಿದ್ದಿರಬೇಕು. ಮತ್ತೆ ಮಾಡಿದೆ, ಹೋಗಲಿಲ್ಲ. ನಾಲ್ಕೂ ಹತ್ತು.

"ಹಿಡೀತಲ್ಲ ಈಗ! ಪೂರಾ ಏರಸು, ಪೂರಾ!" ಕೊಣ್ಣೂರ ಸಾಹೇಬರು ಮೇಜಿನ ಅಂಚು ಹಿಡಿದು ಎದ್ದರು. "ಬೀದ್ಯಾಗ ನೋಡು, ಎಷ್ಟು ಮಂದಿ ತಂತಿ ಹಿಡಕೊಂಡು ಜೋತಾಡಾಕತ್ತಾರ!"

"ಒಮ್ಮೆಲೇ ಏರಿಸಿದ್ರ ಎಲ್ಲಾರೂ ಬೀಳ್ತಾರ್ರೀ."

"ಐದು ನಿಮಿಷದಾಗ ಹೆಂಗೂ ಬೀಳ್ತಾರ!" ಅವರು ಮೌಸಿಗೆ ಕೈ ಹಾಕಿದರು. "ನಿಮ್ಮಕ್ಕನ ಸಲುವಾಗಿ ಊರನ್ನ ಮ್ಯಾಲ ಇಡ್ತೀಯೇನು?"

ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದೆ. ಅವರು ನನಗಿಂತ ಗಟ್ಟಿ, ಆದರೆ ಅವರ ಕಾಲು ಇನ್ನೂ ಪೂರ್ತಿ ನೆಲ ಊರಿರಲಿಲ್ಲ, ನನ್ನ ಕುರ್ಚಿ ಊರಿತ್ತು. "ನಿಮ್ಮ ಕಾಲು ನೋಡಿಕೋರಿ" ಎಂದೆ. "ಹೆಂಗ ಇಳಿದ್ರಿ? ಮೊಣಕಾಲು ಒಡದೇತಿ. ನೀವು ಗೇಣು ಎತ್ತರ ಇದ್ರಿ." ಅವರು ಕೆಳಗೆ ನೋಡಿದರು. ಪ್ಯಾಂಟಿನ ಮೇಲೆ ರಕ್ತ ಹರಡುತ್ತಿತ್ತು. ಕೈ ಸಡಿಲಿಸಿದರು.

ಒತ್ತನ್ನು ಏರಿಸುತ್ತ ಹೋದೆ. ಎಂಟು. ಹನ್ನೊಂದು. ಹದಿನೈದು. ಅಕ್ಕ ಎಷ್ಟು ಎತ್ತರದಲ್ಲಿದ್ದಾಳೆಂದು ಹೇಳುವವರಿರಲಿಲ್ಲ. ಕೋಣೆಯಲ್ಲಿ ಎಲ್ಲಕ್ಕಿಂತ ಹಗುರವಾಗಿದ್ದದ್ದು ಚಾವಣಿಯ ಪುಕ್ಕಗಳು, ಅವು ನೆಲಕ್ಕೆ ಬಂದರೆ ಊರಿನಲ್ಲಿ ಬರಬೇಕಾದವರೆಲ್ಲ ಬಂದಂತೆ ಎಂದು ಲೆಕ್ಕ ಹಾಕಿದೆ. ಒಂದು ಪುಕ್ಕ ಚಾವಣಿ ಬಿಟ್ಟು ಕಿಟಕಿಯ ಮೇಲ್ಚೌಕಟ್ಟಿನ ಮಟ್ಟಕ್ಕೆ ಬಂದು ನಿಂತಿತು. ಹದಿನೆಂಟು. ಸರಳಿನ ನಡುವಿಗೆ ಬಂತು. ನಾಲ್ಕೂ ಹದಿಮೂರು. ಹೀಗೇ ಹೋದರೆ ಹೊತ್ತು ಸಾಲುವುದಿಲ್ಲ, ಏರಿಸಿದರೆ ಒಗೆದಂತಾಗುತ್ತದೆ. ಪ್ರತಿ ಸುತ್ತಿನ ಮೂರನೆಯ ಒತ್ತಿಗೆ ಪುಕ್ಕ ಬೆಚ್ಚಿದಂತೆ ಕುಸಿಯುತ್ತಿತ್ತು. ಮೂರನೆಯದನ್ನೇ ತೆಗೆದುಹಾಕಿದೆ. ಮಾಸ್ತರರ ಸಾಲು ಮಾಸ್ತರರದಾಗಿ ಉಳಿಯಲಿಲ್ಲ. ಇಪ್ಪತ್ತೈದು. ಮೂವತ್ತೈದು. ಪುಕ್ಕ ಕಿಟಕಿಯ ಕಟ್ಟೆಗೆ ಬಂತು, ಮೇಜಿನ ಮಟ್ಟಕ್ಕೆ ಬಂತು. ಬೀದಿಯಲ್ಲಿ ಯಾರೋ ಅತ್ತರು, ಯಾರೋ ನಕ್ಕರು. ನಾಲ್ಕೂ ಹದಿನಾಲ್ಕು. ಪುಕ್ಕ ಇನ್ನೂ ಮೇಜಿನ ಮಟ್ಟದಲ್ಲೇ ಇತ್ತು. ನಾನು ಅರವತ್ತಕ್ಕೆ ಏರಿಸಿದೆ. ಗೋಪುರದ ಗಡಿಯಾರ ಕಾಲು ಹೊಡೆಯಿತು.

ಹಗ್ಗ ಬಿಚ್ಚಿಕೊಳ್ಳಲು ಉಗುರು ಸಾಲದೆ ಹಲ್ಲು ಹಚ್ಚಿದೆ. ಮೆಟ್ಟಿಲಿನಲ್ಲಿ ಚಪ್ಪಲಿ ಉಳಿಯಿತು. ಬೀದಿಯಲ್ಲಿ ಜನ ಇದ್ದಲ್ಲೇ ಕೂತಿದ್ದರು, ಕೆಲವರು ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಯಾರೋ ನನ್ನ ಹೆಸರು ಕೂಗಿದರು, ನಿಲ್ಲಲಿಲ್ಲ.

ಬಾಗಿಲು ತೆರೆದಿತ್ತು. ಮಂಚ ಮಗುಚಿ ಬಿದ್ದಿತ್ತು, ನೋಟುಬುಕ್ಕುಗಳು ಮನೆ ತುಂಬ ಚೆಲ್ಲಿದ್ದವು. ಖಾಲಾ ಗೋಡೆಗೆ ಒರಗಿ ಕಾಲು ಚಾಚಿದ್ದಳು, ಸೆರಗಿನ ಅರ್ಧ ಇನ್ನೂ ತೊಲೆಗೆ ಸಿಕ್ಕಿಕೊಂಡಿತ್ತು. ಅಕ್ಕ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿದ್ದಳು. ಎಡಗೈ ಇರಬಾರದ ರೀತಿಯಲ್ಲಿ ತಿರುಗಿತ್ತು. ಕಣ್ಣು ತೆರೆದಿದ್ದವು. ನಾನು ಮೊದಲು ಆಕೆಯ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿದೆ. ಹೊಲಿಗೆಯ ಸಾಲು ಕೆಂಪಾಗಿತ್ತು, ಬಿಚ್ಚಿರಲಿಲ್ಲ.

"ಕಡೀ ಎರಡು ಫೂಟು ಒಗೆದುಬಿಟ್ಟೀ" ಎಂದಳು ಅಕ್ಕ.

"ಹೊತ್ತು ಇರಲಿಲ್ಲ ಅಕ್ಕಾ."

"ಗೊತ್ತಾತು. ಅದಕ್ಕ ಮೊದಲ ಒಂದು ಗುದ್ದು ತಗದಿ. ಅದು ಬರತೈತಿ ಅಂತ ನಾ ಕಾಯಾಕತ್ತಿದ್ದೆ, ಬರಲಿಲ್ಲ."

"ಕೈ ಮುರಿದೇತಿ, ಡಾಕ್ಟರ್ ಕರೀಬೇಕು" ಎಂದು ಖಾಲಾ ಎದ್ದಳು. "ಮೊದಲ ಮಂಚ ನೆಟ್ಟಗ ಮಾಡು ನಿಂಬಿ, ಕಲ್ಲು ತಂಪೈತಿ." ಮಂಚ ನಿಲ್ಲಿಸಿದೆವು, ಹಾಸಿಗೆ ಹಾಸಿದೆವು. ಖಾಲಾ ಅಕ್ಕನ ಹೆಗಲ ಕೆಳಗೆ ಕೈ ತೂರಿದಳು, ನಾನು ಮೊಣಕಾಲ ಕೆಳಗೆ ತೂರಿದೆ. ಮೂವತ್ತೊಂದು ಕಿಲೋ, ಎತ್ತಲು ಒಬ್ಬಳೇ ಸಾಕಿತ್ತು.

ಅಕ್ಕ ಸರಿಯಿದ್ದ ಕೈಯಿಂದ ಕಲ್ಲಿನ ಸಂದು ಹಿಡಿದುಕೊಂಡಳು. ಉಗುರು ಬೆಳ್ಳಗಾದವು.

"ಎತ್ತಬ್ಯಾಡ್ರಿ" ಎಂದಳು. "ಯಾರೂ ನನ್ನ ಎತ್ತಬ್ಯಾಡ್ರಿ."